ಪೂರ್ತಿ ಪ್ರಜ್ಞೆ ತಪ್ಪಿಸ್ತೀರಾ, ಬೆನ್ನಿಗೆ ಕೊಡ್ತೀರಾ?

ನಾನು ಅರಿವಳಿಕೆ ಡಾಕ್ಟರು, ಅಂದರೆ ಅನಸ್ತೇಶಿಯಾ ಕೊಡುವವಳು. ಆಪರೇಷನ್ನಿನ ಹಿಂದಿನ ದಿನ ವಾರ್ಡಿಗೆ ಹೋದರೆ ಈ ಪ್ರಶ್ನೆ ಬಂದೇ ಬರುತ್ತದೆ. ಪೂರ್ತಿ ಪ್ರಜ್ಞೆ ತಪ್ಪಿಸುವುದು ಸೇಫಾ, ಬೆನ್ನಿಗೆ ಕೊಡುವುದು ಸೇಫಾ?

ಹೋದ ತಿಂಗಳು ಒಂದೇ ದಿನ ಇಬ್ಬರು ಕೇಳಿದರು. ಮೊದಲನೆಯವರು 78 ವರ್ಷದ ಅಜ್ಜಿಯೊಬ್ಬರ ಮಗ. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. "ಈ ವಯಸ್ಸಲ್ಲಿ ಪೂರ್ತಿ ಮಲಗಿಸಬೇಡಿ ಮೇಡಂ, ಆಮೇಲೆ ಏಳದೇ ಹೋದರೆ?" ಅಂದರು. ಇನ್ನೊಬ್ಬಳು ಸಿಸೇರಿಯನ್‌ಗೆ ಬಂದಿದ್ದ ಚೊಚ್ಚಲ ಬಸುರಿ. "ಬೆನ್ನಿಗೆ ಮಾತ್ರ ಬೇಡ ಮೇಡಂ. ನಮ್ಮ ಅತ್ತಿಗೆಗೆ ಇವತ್ತಿಗೂ ಬೆನ್ನುನೋವು." ಕೊನೆಗೆ ಇಬ್ಬರ ಜೊತೆಗೂ ಕೂತು ಮಾತಾಡಿ, ಒಪ್ಪಿಸಿ, ಅವರು ಬೇಡ ಅಂದದ್ದನ್ನೇ ಕೊಟ್ಟೆ.

ಸಿಸೇರಿಯನ್‌ಗೆ ನನ್ನ ಮೊದಲ ಆಯ್ಕೆ ಬೆನ್ನಿನದೇ. ತುಂಬು ಬಸುರಿಯನ್ನು ಪೂರ್ತಿ ಮಲಗಿಸಿದರೆ ಹೊಟ್ಟೆಯಲ್ಲಿರುವುದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯುವ ಭಯ ಜಾಸ್ತಿ. ಗಂಟಲು ಊದಿರುವುದರಿಂದ ಉಸಿರಾಟದ ನಳಿಕೆ ಹಾಕುವುದೂ ಕಷ್ಟ. ಔಷಧಿ ಸ್ವಲ್ಪ ಮಗುವಿಗೂ ಹೋಗುತ್ತದೆ. ಬೆನ್ನಿಗಾದರೆ ಬೇಕಾಗುವುದು ಸುಮಾರು ಎರಡು ಎಂ.ಎಲ್. ಔಷಧಿ ಅಷ್ಟೇ. ಬೆನ್ನುಹುರಿಗೇ ಚುಚ್ಚಿಬಿಟ್ಟರೆ ಅಂತ ಹೆದರುತ್ತಾರೆ. ದೊಡ್ಡವರಲ್ಲಿ ಬೆನ್ನುಹುರಿ ಬೆನ್ನೆಲುಬಿನ ಸೊಂಟದ ಭಾಗದ ಮೊದಲನೇ ಅಥವಾ ಎರಡನೇ ಮೂಳೆಯ ಹತ್ತಿರ ಮುಗಿದಿರುತ್ತದೆ. ನಾವು ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಮೂರು ಮತ್ತು ನಾಲ್ಕರ ಸಂದಿಯಲ್ಲೋ ಅದರ ಕೆಳಗಿನ ಸಂದಿಯಲ್ಲೋ. ಅಲ್ಲಿ ನರದ ಎಳೆಗಳು ನೀರಿನಲ್ಲಿ ತೇಲುತ್ತಿರುತ್ತವೆ.

ಅವಳನ್ನು ಟೇಬಲ್ಲಿನ ಅಂಚಿಗೆ ಕೂರಿಸಿದೆವು. ಸಿಸ್ಟರ್ ಎದುರು ನಿಂತು ಎರಡೂ ಭುಜ ಹಿಡಿದುಕೊಂಡರು. ಗದ್ದ ಎದೆಗೆ ತಾಗಿಸಿ ಬೆನ್ನು ಬಿಲ್ಲಿನ ಹಾಗೆ ಬಾಗಿಸಮ್ಮ ಅಂದೆ. ಮೊದಲು ಚರ್ಮಕ್ಕೆ ಒಂದು ಸಣ್ಣ ಚುಚ್ಚು, ಆಮೇಲೆ ಅರ್ಧ ಮಿಲಿಮೀಟರ್ ದಪ್ಪದ ಸೂಜಿ. ಒಳಗಿನ ಪೊರೆ ದಾಟಿದಾಗ ಬೆರಳಿಗೆ ಟಕ್ ಅಂತ ಗೊತ್ತಾಗುತ್ತದೆ. ಸೂಜಿಯೊಳಗಿನ ತಂತಿ ಎಳೆದರೆ ತಿಳಿನೀರಿನಂಥ ಒಂದು ಹನಿ ಬಂದು ತುದಿಯಲ್ಲಿ ನಿಲ್ಲುತ್ತದೆ. ಇಷ್ಟು ವರ್ಷವಾದರೂ ಆ ಹನಿ ಕಂಡಾಗ ನನಗೆ ಸಮಾಧಾನ. ಔಷಧಿ ಹೋದ ಸ್ವಲ್ಪ ಹೊತ್ತಿಗೇ "ಕಾಲು ಬೆಚ್ಚಗಾಗ್ತಿದೆ ಮೇಡಂ" ಅಂದಳು, ಆಮೇಲೆ ಕಾಲು ಎತ್ತಲು ಆಗಲಿಲ್ಲ. ಸ್ಪಿರಿಟ್ ಹತ್ತಿಯನ್ನು ತೊಡೆಯಿಂದ ಮೇಲಕ್ಕೆ ಮುಟ್ಟಿಸುತ್ತಾ ಬಂದೆ. ಎದೆಯವರೆಗೂ ತಣ್ಣಗೆ ಅನ್ನಿಸಲಿಲ್ಲ. ಬಿಪಿ ಇಳಿಯಿತು. ಅದು ಗೊತ್ತಿದ್ದದ್ದೇ, ಏರಿಸುವ ಔಷಧಿ ಸಿರಿಂಜಿನಲ್ಲಿ ತಯಾರಿತ್ತು. ಮಗುವಿನ ಮೊದಲ ಅಳು ಅವಳೇ ಕೇಳಿಸಿಕೊಂಡಳು.

ಇನ್ನು ಬೆನ್ನುನೋವು. ಹೆರಿಗೆಯಾದ ಮೇಲೆ ತುಂಬ ಜನಕ್ಕೆ ಬರುತ್ತದೆ, ಅದು ಸುಳ್ಳು ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಮಾಮೂಲಿ ಹೆರಿಗೆಯಾಗಿ ಬೆನ್ನಿಗೆ ಸೂಜಿಯನ್ನೇ ಹಾಕಿಸಿಕೊಳ್ಳದವರಿಗೂ ಬರುತ್ತದಲ್ವಾ? ತಿಂಗಳುಗಟ್ಟಲೆ ಹೊಟ್ಟೆಯ ಭಾರ ಬೆನ್ನನ್ನು ಮುಂದಕ್ಕೆ ಎಳೆದಿರುತ್ತದೆ, ಕೀಲುಗಳು ಸಡಿಲವಾಗಿರುತ್ತವೆ, ಅದರ ಮೇಲೆ ಹಗಲು ರಾತ್ರಿ ಬಗ್ಗಿ ಕೂತು ಹಾಲು ಕುಡಿಸುವುದು. ಚುಚ್ಚಿದ ಜಾಗ ನಾಲ್ಕು ದಿನ ನೋಯಬಹುದು. ವರ್ಷಗಟ್ಟಲೆ ಕಾಡುವ ನೋವನ್ನು ಆ ಸೂಜಿಯ ತಲೆಗೆ ಕಟ್ಟುವುದು ಸರಿಯಲ್ಲ.

ತಲೆನೋವು ಮಾತ್ರ ಸೂಜಿಯಿಂದಲೇ ಬರುವಂಥದ್ದು. 1898ರಲ್ಲಿ ಜರ್ಮನಿಯ ಕೀಲ್ ಊರಿನಲ್ಲಿ ಆಗಸ್ಟ್ ಬಿಯರ್ ಎಂಬ ಸರ್ಜನ್ ಬೆನ್ನಿಗೆ ಕೊಕೇನ್ ಕೊಟ್ಟು ಆಪರೇಷನ್ ಮಾಡಿದರು. ತಮ್ಮ ಬೆನ್ನಿಗೂ ಸೂಜಿ ಹಾಕಿಸಿಕೊಂಡು ನೋಡಿದರು, ದಿನಗಟ್ಟಲೆ ತಲೆನೋವಿನಿಂದ ಮಲಗಿದರು. ತೂತಿನಿಂದ ಒಳಗಿನ ನೀರು ಸೋರುವುದೇ ಕಾರಣ. ಎದ್ದು ಕೂತರೆ ಜಾಸ್ತಿ, ಮಲಗಿದರೆ ಕಮ್ಮಿ. ಈಗಿನ ಸೂಜಿ ತೆಳು, ತುದಿ ಪೆನ್ಸಿಲ್ಲಿನ ಥರ, ಹಾಗಾಗಿ ಬಹಳ ಅಪರೂಪ. ಬಂದರೆ ಸುಮ್ನೆ ಸಹಿಸಬೇಡಿ, ಚಿಕಿತ್ಸೆ ಇದೆ.

ಪೂರ್ತಿ ಪ್ರಜ್ಞೆ ತಪ್ಪಿಸುವುದು ಅಂದರೆ ಒಂದು ಇಂಜೆಕ್ಷನ್ ಕೊಟ್ಟು ಹೊರಟು ಹೋಗುವುದು ಅಂತ ಕೆಲವರು ತಿಳಿದಿದ್ದಾರೆ. ಹಾಲಿನಂತೆ ಬೆಳ್ಳಗಿರುವ ಪ್ರೊಪೋಫಾಲ್ ಎಂಬ ಔಷಧಿ ಕೈಯ ರಕ್ತನಾಳಕ್ಕೆ ಹೋದರೆ ಒಂದು ನಿಮಿಷದೊಳಗೆ ಕಣ್ಣು ಮುಚ್ಚುತ್ತದೆ. ಆಮೇಲೆ ಗಂಟಲಿಗೆ ನಳಿಕೆ, ಉಸಿರಾಟಕ್ಕೆ ಮೆಷಿನ್. ಆಪರೇಷನ್ ಮುಗಿದು ಎಚ್ಚರವಾಗುವ ತನಕ ನಾವು ತಲೆಯ ಹತ್ತಿರದಿಂದ ಕದಲುವುದಿಲ್ಲ. ಆಮೇಲೆ ವಾಂತಿ ಬರಬಹುದು, ಗಂಟಲು ಒಂದೆರಡು ದಿನ ಕೆರೆಯಬಹುದು. ತಲೆ, ಎದೆಯ ದೊಡ್ಡ ಆಪರೇಷನ್ನುಗಳಿಗೆ ಇದೇ ಬೇಕು. ಹೊಟ್ಟೆಗೆ ಗ್ಯಾಸ್ ತುಂಬಿ ಮಾಡುವ ಲ್ಯಾಪರೊಸ್ಕೋಪಿಗೂ ಸಾಮಾನ್ಯವಾಗಿ ಇದೇ.

ವಯಸ್ಸಾದವರಿಗೆ ಬೆನ್ನಿನದೇ ಒಳ್ಳೆಯದು ಅಂತ ನಮ್ಮಲ್ಲೂ ಬಹಳ ಜನ ನಂಬಿದ್ದೆವು. 2021ರಲ್ಲಿ ರೀಗೇನ್ ಅಧ್ಯಯನ ಬಂತು. ಅಮೆರಿಕ, ಕೆನಡಾದಲ್ಲಿ ಸೊಂಟದ ಮೂಳೆ ಮುರಿದ, 50 ದಾಟಿದ 1,600 ಜನ. ಅರ್ಧ ಜನಕ್ಕೆ ಬೆನ್ನಿಗೆ, ಅರ್ಧ ಜನಕ್ಕೆ ಪೂರ್ತಿ. 60 ದಿನಕ್ಕೆ ನೋಡಿದರೆ, ತೀರಿಕೊಂಡವರು ಮತ್ತು ನಡೆಯಲಾಗದೆ ಉಳಿದವರು ಸೇರಿ ಬೆನ್ನಿನ ಗುಂಪಿನಲ್ಲಿ ಶೇ. 18.5, ಇನ್ನೊಂದರಲ್ಲಿ ಶೇ. 18. ಹೆಚ್ಚುಕಮ್ಮಿ ಒಂದೇ.

ಆದರೂ ಅಜ್ಜಿಗೆ ದಮ್ಮಿನ ಕಾಯಿಲೆ ಇದ್ದದ್ದರಿಂದ ಬೆನ್ನಿಗೇ ಕೊಡೋಣ ಅಂತ ನನಗೂ ಇತ್ತು. ಯಾವ ಮಾತ್ರೆ ತಗೊಳ್ತಾರೆ ಅಂದರೆ ಮಗ "ಬಿಪಿದು ಅಷ್ಟೇ" ಅಂದರು. ಮೂರನೇ ಸಲ, ಹಾರ್ಟಿಗೆ ಏನಾದರೂ ಮಾಡಿಸಿದ್ದೀರಾ ಅಂತ ಕೇಳಿದಾಗ ಸ್ಟೆಂಟ್ ವಿಷಯ ಹೊರಗೆ ಬಂತು. ಅಂಗಿ ಜೇಬಿನಿಂದ ಒಂದು ಸ್ಟ್ರಿಪ್ ತೆಗೆದರು. ಕ್ಲೋಪಿಡೋಗ್ರೆಲ್, ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಮಾತ್ರೆ. ಅದರ ಪ್ರಭಾವ ಇರುವಾಗ ಬೆನ್ನಿಗೆ ಸೂಜಿ ಹಾಕಿದರೆ ಒಳಗೆ ರಕ್ತ ಕಟ್ಟಿಕೊಂಡು, ನರಗಳನ್ನು ಒತ್ತಿ, ಎರಡೂ ಕಾಲಿನ ಶಕ್ತಿಯೇ ಹೋಗಬಹುದು. ನಿಲ್ಲಿಸಿ 5ರಿಂದ 7 ದಿನ ಕಾಯಬೇಕು. ಮುರಿದ ಸೊಂಟ ಇಟ್ಟುಕೊಂಡು ಅಷ್ಟು ದಿನ ಮಲಗಿದರೆ ನ್ಯುಮೋನಿಯಾ, ಮಲಗಿದ ಹುಣ್ಣು. ಅದಕ್ಕೇ ಪೂರ್ತಿ ಪ್ರಜ್ಞೆ ತಪ್ಪಿಸಿದೆವು. ಅಜ್ಜಿ ಎದ್ದರು. ಮಗನ ಹೆಸರನ್ನೇ ಮೊದಲು ಕರೆದರು.

ಹಾಗಾಗಿ ಯಾವುದು ಸೇಫು ಅಂತ ಕೇಳಿದವರಿಗೆ ನಾನು ತಿರುಗಿ ನಾಲ್ಕು ಪ್ರಶ್ನೆ ಕೇಳಿದರೆ ಬೇಜಾರಾಗಬೇಡಿ. ಉತ್ತರ ಅದರೊಳಗೇ ಇರುತ್ತದೆ. ಬೆನ್ನಿಗೆ ತಾನೇ, ಒಂದು ಇಡ್ಲಿ ತಿಂದರೆ ಏನು ಅಂತ ತಿನ್ನಬೇಡಿ. ಬೆನ್ನಿನದು ಸಾಲದೇ ಹೋದರೆ ಪೂರ್ತಿ ಮಲಗಿಸಬೇಕಾಗುತ್ತದೆ. ತಿಂಡಿಯಾಗಿ ಕನಿಷ್ಠ 6 ಗಂಟೆ ಆಗಿರಬೇಕು, ಎಣ್ಣೆ, ಮಾಂಸದ ಊಟವಾದರೆ 8. ಬರೀ ನೀರು 2 ಗಂಟೆ ಮುಂಚಿನವರೆಗೂ ಕುಡಿಯಬಹುದು. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಹೆಸರು ನೆನಪಿಲ್ಲ ಅಂದರೆ ಖಾಲಿ ಸ್ಟ್ರಿಪ್ ಆದರೂ ಜೇಬಿಗೆ ಹಾಕಿಕೊಂಡು ಬನ್ನಿ.