ಗುಲ್ಮಾರ್ಗ್‌ಗೆ ಹೊರಟಿದ್ದೀರಾ? ಹಿಮದ ಅಡಿಯಲ್ಲಿ ಏನಿದೆ ಅಂತಲೂ ಕೇಳಿ

ಫೆಬ್ರವರಿಯಲ್ಲಿ ಮಂಡ್ಯದಿಂದ ನಾವು ಐದು ಜನ ಗುಲ್ಮಾರ್ಗ್‌ಗೆ ಹೋಗಿ ಬಂದೆವು. ಬಂದ ಮೇಲೆ ಮೈಸೂರಿನ ಗೆಳೆಯರು ಹೋಟೆಲ್ ಹೇಗಿತ್ತು, ಜಾಕೆಟ್ ಎಲ್ಲಿ ತಗೊಂಡ್ರಿ ಅಂತೆಲ್ಲ ಕೇಳಿದರು. ಹಿಮಕುಸಿತದ ಬಗ್ಗೆ ಒಬ್ಬರೂ ಕೇಳಲಿಲ್ಲ. ಹೋಗುವ ಮುಂಚೆ ನಾವೂ ಯಾರನ್ನೂ ಕೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದಾರಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ವಿಮಾನದಲ್ಲಿ ಶ್ರೀನಗರ, ಅಲ್ಲಿಂದ ಸುಮಾರು 50 ಕಿ.ಮೀ. ರಸ್ತೆ. ಹಿಮ ಬಿದ್ದಿದ್ದರೆ ಟ್ಯಾಂಗ್‌ಮಾರ್ಗ್‌ನಲ್ಲಿ ಇಳಿದು ಚಕ್ರಕ್ಕೆ ಚೈನ್ ಕಟ್ಟಿದ ಗಾಡಿ ಹತ್ತಬೇಕು. ಗೊಂಡೋಲಾ, ಅಂದರೆ ಬೆಟ್ಟ ಹತ್ತಿಸುವ ಕೇಬಲ್ ಕಾರ್, ಅದರ ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿ. ಅದರಲ್ಲಿ ಎರಡು ಹಂತ. ಎರಡನೆಯದು ಅಫರ್ವಟ್ ಬೆಟ್ಟದ ಮೇಲೆ, ಸುಮಾರು 3,900 ಮೀಟರ್ ಎತ್ತರಕ್ಕೆ ಒಯ್ಯುತ್ತದೆ.

ನಾವು ತಲುಪಿದ ರಾತ್ರಿಯಿಡೀ ಹಿಮ ಸುರಿಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಮೊಣಕಾಲುದ್ದ. ಎರಡನೇ ಹಂತ ಬಂದ್. ಮರುದಿನ ಆಕಾಶ ನೀಲಿ, ಒಳ್ಳೆ ಬಿಸಿಲು, ಆದರೂ ಬಂದ್. ಅಷ್ಟು ದೂರದಿಂದ ಬಂದಿದ್ದೇವೆ, ಬೇಜಾರಾಗುತ್ತೆ ಅಲ್ವಾ? ಆಗ ಒಬ್ಬ ಸ್ಲೆಡ್ಜ್‌ನವನು ಬೇರೆ ಕಡೆಯಿಂದ ಮೇಲೆ ಕರೆದುಕೊಂಡು ಹೋಗುತ್ತೇನೆ ಅಂದ. ದುಡ್ಡಿನ ಮಾತೂ ಮುಗಿದಿತ್ತು. ನಮ್ಮ ಗೈಡ್ ವಾದ ಮಾಡಲಿಲ್ಲ. ಸಲಿಕೆ ತಗೊಂಡು ಹತ್ತಿರದ ಸಮತಟ್ಟು ಜಾಗದಲ್ಲಿ, ನೆಲ ಸಿಗುವ ತನಕ ಒಂದು ಗುಂಡಿ ತೋಡಿದರು.

ಗುಂಡಿಯ ಗೋಡೆ ಪದರ ಪದರವಾಗಿತ್ತು. ಮೇಲೆ ಹೊಸ ಹಿಮ, ಹಿಂಜಿದ ಹತ್ತಿಯ ಹಾಗೆ. ಅದರ ಕೆಳಗೆ ಗಾಳಿ ತಂದು ಒತ್ತಿದ ಗಟ್ಟಿ ಪದರ, ಬೆರಳು ಇಳಿಯಲಿಲ್ಲ. ತೀರಾ ಕೆಳಗೆ, ನೆಲದ ಹತ್ತಿರ, ಇಡೀ ಕೈ ಸಲೀಸಾಗಿ ಒಳಗೆ ಹೋಯಿತು. ಅಲ್ಲಿಂದ ಒಂದು ಹಿಡಿ ತೆಗೆದು ಉಂಡೆ ಕಟ್ಟಲು ನೋಡಿದೆ. ಕಟ್ಟಲಿಲ್ಲ. ಬೆರಳ ಸಂದಿಯಿಂದ ಸರಸರ ಸುರಿದು ಹೋಯಿತು. ದಪ್ಪ ಕಾಳು, ಮಿಂಚುವ ಅಂಚು, ಥೇಟ್ ನಮ್ಮೂರ ಸಕ್ಕರೆ. ಪರ್ವತದವರೂ ಅದನ್ನು ಶುಗರ್ ಸ್ನೋ ಎಂದೇ ಕರೆಯುತ್ತಾರೆ.

ಚಳಿಗಾಲದ ಶುರುವಿನಲ್ಲಿ ಹಿಮ ತೆಳ್ಳಗೆ ಬಿದ್ದು, ಆಮೇಲೆ ವಾರಗಟ್ಟಲೆ ಒಣ ಚಳಿ ಹಿಡಿದರೆ ಹೀಗಾಗುತ್ತದೆ. ನೆಲ ಸ್ವಲ್ಪ ಬೆಚ್ಚಗಿರುತ್ತದೆ, ಮೇಲೆ ಕೊರೆಯುವ ಚಳಿ. ಕೆಳಗಿನಿಂದ ಆವಿ ಏರುತ್ತಾ ಏರುತ್ತಾ ಹಿಮದ ಕಾಳುಗಳು ಒಂದಕ್ಕೊಂದು ಅಂಟದ ಹರಳುಗಳಾಗುತ್ತವೆ. ಅದರ ಮೇಲೆ ಭಾರದ ಪದರ ಕೂತರೆ, ಓರೆ ಹಲಗೆಗೆ ಸಕ್ಕರೆ ಹರಡಿ ಮೇಲೆ ಚಪ್ಪಡಿ ಇಟ್ಟ ಹಾಗೆ. ಅದನ್ನು ಕದಲಿಸಲು ಒಬ್ಬ ಮನುಷ್ಯನ ತೂಕ ಸಾಕು.

ಎಲ್ಲ ಇಳಿಜಾರೂ ಜಾರುವುದಿಲ್ಲ. ಹೆಚ್ಚಾಗಿ ಜಾರುವುದು 30ರಿಂದ 45 ಡಿಗ್ರಿ ಓರೆ ಇರುವಂಥವು. ನಿಮ್ಮ ಮನೆಯ ಮಹಡಿ ಮೆಟ್ಟಿಲಿನ ಓರೆಯೂ ಹೆಚ್ಚುಕಮ್ಮಿ ಅಲ್ಲಿಂದಲೇ ಶುರು. ನೋಡಲು ಏನೂ ಅನ್ನಿಸದ ಇಳಿಜಾರು ಅದು. ನೀವು ನಿಂತ ಜಾಗ ಸಮತಟ್ಟಾಗಿದ್ದರೂ ಮೇಲಿಂದ ಬರಬಹುದು, ತಲೆ ಎತ್ತಿ ನೋಡಿ. ಜೋರು ಹಿಮ ಬಿದ್ದ ಮೇಲೆ ಬರುವ ಮೊದಲ ಬಿಸಿಲು ದಿನವನ್ನು ನಂಬಲೇಬೇಡಿ. ನಾವು ಹತ್ತಲು ಹೊರಟಿದ್ದು ಅಂಥದೇ ದಿನ. ಕಾಲಿಟ್ಟಾಗ ಹಿಮದೊಳಗೆ "ವುಂಫ್" ಅಂತ ಸದ್ದು ಬಂದರೆ, ಕಾಲಿನಿಂದ ಬಿರುಕು ಓಡಿದರೆ, ಸುಮ್ನೆ ಬಂದ ದಾರಿಯಲ್ಲೇ ವಾಪಸ್ ಬನ್ನಿ.

2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ 10 ಯೋಧರು ಹಿಮದಡಿ ಸಿಕ್ಕಿದ್ದು ನಮ್ಮಲ್ಲಿ ಯಾರೂ ಮರೆತಿಲ್ಲ. ಅವರಲ್ಲಿ ನಮ್ಮ ಎಚ್.ಡಿ. ಕೋಟೆಯ ಮಹೇಶ ಕೂಡ ಇದ್ದರು. ಧಾರವಾಡ ಕಡೆಯ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೂ ಜೀವಂತ ಸಿಕ್ಕರು, ಆದರೆ ಉಳಿಯಲಿಲ್ಲ. ಅಷ್ಟು ದಿನ ಬದುಕಿದ್ದೇ ಪವಾಡ. ಸಾಮಾನ್ಯವಾಗಿ ಹಿಮದಡಿ ಹೂತವರಿಗೆ ಇರುವುದು ಹತ್ತು ಹದಿನೈದು ನಿಮಿಷ. ಅಷ್ಟರೊಳಗೆ ಯಾವ ರಕ್ಷಣಾ ತಂಡವೂ ಬರಲಾಗದು. ಅಗೆದು ತೆಗೆಯಬೇಕಾದವರು ಜೊತೆಯವರೇ. ಹಾಗಾಗಿ ಗೊಂಡೋಲಾ ಗಡಿ ದಾಟಿ ಸ್ಕೀಯಿಂಗ್‌ಗೋ ಟ್ರೆಕ್ಕಿಂಗ್‌ಗೋ ಹೋಗುವುದಾದರೆ ಪ್ರತಿಯೊಬ್ಬರ ಹತ್ತಿರ ಟ್ರಾನ್ಸೀವರ್ (ಹೂತವರ ಜಾಗ ಹುಡುಕುವ ರೇಡಿಯೋ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಇರಲಿ, ಬಳಸುವ ಅಭ್ಯಾಸವೂ ಇರಲಿ. ಇಲ್ಲದಿದ್ದರೆ ಗಡಿಯೊಳಗೇ ಇರಿ. ಚಂಡೀಗಢದ ಡಿಜಿಆರ್‌ಇ ಎಂಬ ರಕ್ಷಣಾ ಸಂಶೋಧನಾ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ದಿನಾ ಬೆಳಿಗ್ಗೆ ಗೈಡ್ ಹತ್ತಿರ ಅದನ್ನು ಕೇಳಿ. ಆತ ನಕ್ಕು ತಳ್ಳಿಹಾಕಿದರೆ ಗೈಡ್ ಬದಲಿಸಿ.

ಟಿಕೆಟ್ ಬುಕ್ ಮಾಡುವಾಗ ಎರಡು ದಿನ ಜಾಸ್ತಿ ಇಟ್ಟುಕೊಳ್ಳಿ. ನಾವು ಇಟ್ಟಿದ್ದರಿಂದ ನಾಲ್ಕನೇ ದಿನ ಎರಡನೇ ಹಂತ ತೆರೆದಾಗ ಅಲ್ಲೇ ಇದ್ದೆವು. ಮೇಲೆ ಹೋಗುವಾಗ ಗೈಡ್ ಕಿಟಕಿಯಿಂದ ಒಂದು ದೂರದ ಇಳಿಜಾರು ತೋರಿಸಿದರು. ಅಡ್ಡಕ್ಕೆ ಚಾಕುವಿನಿಂದ ಕೊಯ್ದಂಥ ಗೆರೆ, ಕೆಳಗೆ ಮನೆಯಷ್ಟು ದೊಡ್ಡ ಹಿಮದ ತುಂಡುಗಳು ಚೆಲ್ಲಾಡಿದ್ದವು. ಹಿಂದಿನ ದಿನ ಅಲ್ಲಿ ಆ ಗೆರೆ ಇರಲಿಲ್ಲ.