ಎಂಟು ತಂತಿಯ ಮಗ್ಗಿ

ನಮ್ಮ ನೆಟ್‌ವರ್ಕಿಂಗ್ ಮೇಷ್ಟ್ರ ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲಿ ನಮ್ಮ ಬ್ಯಾಚಿನ ಏಳೆಂಟು ಜನ ಸಾಲಾಗಿ ಕೂತಿದ್ದೆವು. ಎಲೆಗೆ ಕೋಸಂಬರಿ ಬೀಳುವ ಹೊತ್ತಿಗೆ ಯಾರೋ ಮೆಲ್ಲಗೆ ಶುರು ಮಾಡಿದರು: "ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ..." ಉಳಿದವರು ಮುಗಿಸಿದೆವು: "ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು." ಬಡಿಸುವ ಹುಡುಗ ಇದ್ಯಾವ ಮಂತ್ರ ಎಂಬಂತೆ ನೋಡಿದ. ಟಿ568ಬಿ ಕ್ರಮ ಅದು, ನೆಟ್‌ವರ್ಕ್ ಕೇಬಲ್ಲಿನೊಳಗಿನ ಎಂಟು ತಂತಿಗಳನ್ನು ಜೋಡಿಸುವ ಬಣ್ಣದ ಸಾಲು. ಶಿವಮೊಗ್ಗದ ನಮ್ಮ ಕಾಲೇಜಿನ ನೆಟ್‌ವರ್ಕಿಂಗ್ ಲ್ಯಾಬಿನಲ್ಲಿ ಕಲಿತವರು ಇದನ್ನು ಮಾತ್ರ ಮರೆಯುವುದಿಲ್ಲ.

ಸಿಲೆಬಸ್‌ನಲ್ಲಿ ಏನೇನಿತ್ತೋ, ಬಹುಪಾಲು ಹೋಯಿತು. ನೆಟ್‌ವರ್ಕಿನ ಕೆಲಸವನ್ನು ತಂತಿಯಿಂದ ಮೇಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸುವ ಓಎಸ್‌ಐ ಮಾದರಿಯ ಏಳು ಪದರಗಳನ್ನು ಬರೆಸಿದರು ನಿಜ, ಆದರೆ ಮೊದಲನೆಯದು ಗಟ್ಟಿಯಾಗುವವರೆಗೆ ಮೇಷ್ಟ್ರು ಎರಡನೆಯದಕ್ಕೆ ಹತ್ತಿಸುತ್ತಿರಲಿಲ್ಲ. ಮೊದಲ ಮೂರು ವಾರ ಕಂಪ್ಯೂಟರ್ ಮುಟ್ಟುವ ಹಾಗಿಲ್ಲ. ಕೈಗೆ ಕ್ರಿಂಪಿಂಗ್ ಟೂಲು, ಅಂದರೆ ಕೇಬಲ್ಲಿನ ತುದಿಗೆ ಕನೆಕ್ಟರನ್ನು ಅದುಮಿ ಕೂರಿಸುವ ಇಕ್ಕಳ. ಕೇಬಲ್ಲಿನ ಹೊರಸಿಪ್ಪೆ ಒಂದು ಇಂಚು ಸುಲಿಯಬೇಕು. ಒಳಗಿನ ತಂತಿಗೆ ಬ್ಲೇಡು ತಾಗಿದರೆ ಅಷ್ಟನ್ನೂ ಕತ್ತರಿಸಿ ಮತ್ತೆ ಮೊದಲಿಂದ. ಎರಡೆರಡು ತಂತಿ ಸುತ್ತಿಕೊಂಡ ಜೋಡಿಗಳ ಹುರಿ ಬಿಚ್ಚಿ, ಬಣ್ಣದ ಕ್ರಮದಲ್ಲಿ ಚಪ್ಪಟೆಯಾಗಿ ಜೋಡಿಸಿ, ಅರ್ಧ ಇಂಚು ಉಳಿಸಿ ಒಂದೇ ಮಟ್ಟಕ್ಕೆ ಕತ್ತರಿಸಬೇಕು. ತುದಿಗೆ ಹಾಕುವ ಪ್ಲಾಸ್ಟಿಕ್ ಪ್ಲಗ್ಗಾದ ಆರ್‌ಜೆ-45 ಕನೆಕ್ಟರಿನ ಕೊಕ್ಕೆಯನ್ನು ಕೆಳಮುಖ ಮಾಡಿ ಹಿಡಿದರೆ ಬಿಳಿ-ಕಿತ್ತಳೆ ಎಡತುದಿಗೆ. ತೂರಿಸಿದ ಮೇಲೆ ಎಂಟೂ ತಾಮ್ರದ ತುದಿಗಳು ಮುಂದಿನ ಗೋಡೆಗೆ ತಾಗಿ ಹೊಳೆಯಬೇಕು. ಹೊರಸಿಪ್ಪೆಯೂ ಕನೆಕ್ಟರಿನೊಳಗೆ ಹೋಗಿ ಅದುಮಿಸಿಕೊಳ್ಳಬೇಕು. ಸಿಪ್ಪೆ ಹೊರಗುಳಿದ ಕೇಬಲ್ ಆ ದಿನ ಕೆಲಸ ಮಾಡುತ್ತದೆ. ಕಸ ಗುಡಿಸುವಾಗ ಎರಡು ಸಲ ಎಳೆದಾಡಿದರೆ ಸಾಕು, ಒಂದು ತಂತಿ ಸಡಿಲವಾಗಿ, ಬಂದು ಹೋಗುವ ಸಂಪರ್ಕವಾಗುತ್ತದೆ. ಪೂರ್ತಿ ಸತ್ತ ಕೇಬಲ್ಲಿಗಿಂತ ಅದು ದೊಡ್ಡ ಪೀಡೆ.

ಒಂದು ದಿನ ಮೇಷ್ಟ್ರು ತಾವೇ ಮಾಡಿದ ಉದ್ದನೆಯ ಕೇಬಲ್ ತಂದುಕೊಟ್ಟರು. ಟೆಸ್ಟರಿಗೆ ಸಿಕ್ಕಿಸಿದರೆ ಒಂದರಿಂದ ಎಂಟರವರೆಗೆ ದೀಪ ಸರಿಯಾಗಿ ಹತ್ತುತ್ತದೆ. ಫೈಲು ಕಳಿಸಿದರೆ ಮಾತ್ರ ಆಮೆನಡಿಗೆ. ಗಂಟೆಗಟ್ಟಲೆ ತಲೆ ಕೆರೆದುಕೊಂಡೆವು. ಕೊನೆಗೆ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರೆ, ಎರಡೂ ಕಡೆ ಬಣ್ಣಗಳು ಜೋಡಿ ಜೋಡಿಯಾಗಿ ಕೂತಿದ್ದವು: ಕಿತ್ತಳೆ, ಹಸಿರು, ನೀಲಿ, ಕಂದು. ನೋಡಲು ಚಂದ, ಕೆಲಸಕ್ಕೆ ಕೇಡು. ಮೂರು ಮತ್ತು ಆರನೆಯ ಪಿನ್ನು ಒಂದೇ ಹುರಿಯ ಜೋಡಿಯಾಗಿರಬೇಕು. ಇಲ್ಲಿ ಮೂರಕ್ಕೆ ಹಸಿರಿನದು, ಆರಕ್ಕೆ ನೀಲಿಯದು. ಜೋಡಿ ಒಡೆದರೆ ಹುರಿಯಿಂದ ಸಿಗುವ ರಕ್ಷಣೆಯೂ ಹೋಯಿತು, ಪಕ್ಕದ ತಂತಿಯ ಸದ್ದು ಇದಕ್ಕೆ ಅಂಟಿಕೊಳ್ಳುತ್ತದೆ. ಅಗ್ಗದ ಟೆಸ್ಟರಿಗೆ ತಂತಿ ತುಂಡಾಗಿದೆಯೇ ಎಂದಷ್ಟೇ ಗೊತ್ತು, ಯಾವುದು ಯಾರ ಜೋಡಿ ಎಂದಲ್ಲ.

ಇನ್ನು ಕಿತಾಪತಿಯ ಕತೆ. ಇಂಟರ್ನಲ್ಸ್ ದಿನ ಬೆಳಿಗ್ಗೆ ನಮ್ಮಲ್ಲೊಬ್ಬ (ಯಾರೆಂದು ಈಗಲೂ ಹೇಳುವುದಿಲ್ಲ) ಗಿಡ್ಡ ಕೇಬಲ್ಲೊಂದರ ಎರಡೂ ತುದಿಗಳನ್ನು ಲ್ಯಾಬಿನ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ, 24 ಪೋರ್ಟಿನ (ಕೇಬಲ್ ಚುಚ್ಚುವ ಕಿಂಡಿಯ) ಸಾದಾ ಸ್ವಿಚ್ಚಿಗೇ ಚುಚ್ಚಿಬಿಟ್ಟ. ಯಾವುದೋ ಕಂಪ್ಯೂಟರ್ "ಈ ವಿಳಾಸ ಯಾರದು?" ಎಂದು ಒಂದು ಎಆರ್‌ಪಿ ಕೂಗು ಹಾಕಿತು. ಸ್ವಿಚ್ಚು ಅದನ್ನು ಬಂದ ದಾರಿ ಬಿಟ್ಟು ಉಳಿದೆಲ್ಲ ಪೋರ್ಟಿಗೂ ಹಂಚುತ್ತದೆ, ಹಂಚಿದ್ದು ಆ ಕೇಬಲ್ ಸುತ್ತಿ ವಾಪಸ್ ಬರುತ್ತದೆ, ಮತ್ತೆ ಹಂಚುತ್ತದೆ. ರೌಟರು ದಾಟಿಸುವ ಐಪಿ ಪ್ಯಾಕೆಟ್ಟಿಗಾದರೆ ಟಿಟಿಎಲ್ ಎಂಬ ಆಯುಸ್ಸಿದೆ, ಸ್ವಿಚ್ಚು ಹಂಚುವ ಈಥರ್ನೆಟ್ ಫ್ರೇಮಿಗೆ ಅದೂ ಇಲ್ಲ. ಕೆಲವೇ ಸೆಕೆಂಡಿನಲ್ಲಿ ಇಡೀ ಲ್ಯಾಬು ಮಲಗಿತು.

ಮೇಷ್ಟ್ರು ಬಂದವರು ಒಂದು ಕೀಲಿಮಣೆಯನ್ನೂ ಮುಟ್ಟಲಿಲ್ಲ. ಸ್ವಿಚ್ಚಿನ ಮುಂದೆ ನಿಂತು, "ಎಲ್ಲಾ ದೀಪ ಒಟ್ಟಿಗೇ ಕುಣೀತಾವಲ್ಲೋ ಮಾರಾಯ" ಎಂದರು. ಅರ್ಧ ಕೇಬಲ್‌ಗಳನ್ನು ಕಿತ್ತರು, ಕುಣಿತ ನಿಲ್ಲಲಿಲ್ಲ. ಉಳಿದುದರಲ್ಲಿ ಮತ್ತೆ ಅರ್ಧ. ನಾಲ್ಕನೆಯ ಸುತ್ತಿಗೆ ಕಳ್ಳ ಕೇಬಲ್ ಕೈಯಲ್ಲಿತ್ತು. ಬೈಗುಳ ಬರಲಿಲ್ಲ. ಮಾರನೆಯ ದಿನ ಬೇಕಾದಂತೆ ಹೊಂದಿಸಬಹುದಾದ ಮ್ಯಾನೇಜ್ಡ್ ಸ್ವಿಚ್ಚು ತರಿಸಿ, ಅದೇ ಕೇಬಲ್ಲನ್ನು ಹಾಗೇ ಚುಚ್ಚಿಸಿದರು. ಈ ಸಲ ಏನೂ ಆಗಲಿಲ್ಲ, ಒಂದು ಪೋರ್ಟು ಕಿತ್ತಳೆ ಬಣ್ಣದಲ್ಲೇ ಉಳಿಯಿತು: ಇಂಥ ಸುತ್ತುಗಳನ್ನು ಪತ್ತೆಹಚ್ಚುವ ಸ್ಪ್ಯಾನಿಂಗ್ ಟ್ರೀ ಎಂಬ ವ್ಯವಸ್ಥೆ ಅದನ್ನು ಮುಚ್ಚಿತ್ತು. ಇದಕ್ಕೊಂದು ತೆರಿಗೆಯುಂಟು. ಹೊಸದಾಗಿ ಚುಚ್ಚಿದ ಪೋರ್ಟು ಆಲಿಸಲು 15 ಸೆಕೆಂಡು, ಕಲಿಯಲು 15 ಸೆಕೆಂಡು ತೆಗೆದುಕೊಂಡ ಮೇಲೇ ತೆರೆಯುತ್ತದೆ. ಅಷ್ಟರೊಳಗೆ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಕೇಳಿ ಕೇಳಿ ಸುಸ್ತಾದ ಕಂಪ್ಯೂಟರ್ ತಾನೇ 169.254ರಿಂದ ಶುರುವಾಗುವ ವಿಳಾಸ ಇಟ್ಟುಕೊಂಡು ಕೂತಿರಬಹುದು. ಅದಕ್ಕೇ ಕಂಪ್ಯೂಟರ್ ಇರುವ ಪೋರ್ಟಿಗೆ ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್. ಇನ್ನೊಂದು ಸ್ವಿಚ್ಚಿಗೆ ಹೋಗುವ ಪೋರ್ಟಿಗೆ ಯಾವ ಕಾರಣಕ್ಕೂ ಅಲ್ಲ.

ಒಂದು ನೆಟ್‌ವರ್ಕಿನ ವಿಳಾಸಗಳನ್ನು ಸಣ್ಣ ಪಾಲುಗಳಾಗಿ ಒಡೆಯುವ ಸಬ್‌ನೆಟ್ಟಿಂಗ್ ಅವರ ಬಾಯಲ್ಲಿ ತೋಟ ಪಾಲಾಗುವ ವ್ಯವಹಾರ. 256 ಅಡಿಕೆ ಮರ, ನಾಲ್ಕು ಜನ ಅಣ್ಣತಮ್ಮಂದಿರು, ತಲೆಗೆ 64. ಪ್ರತಿ ಪಾಲಿನ ಮೊದಲ ಮರ ಪಾಲಿನ ಹೆಸರಿಗೆ, ಕೊನೆಯದು ಎಲ್ಲರನ್ನೂ ಕೂಗಿ ಕರೆಯುವುದಕ್ಕೆ, ಕೊಯ್ಯಲು ಸಿಗುವುದು 62. ಪಾಲಿನ ಗಾತ್ರ ಬರೆಯುವ ನೆಟ್‌ವರ್ಕ್ ಲಿಪಿಯಲ್ಲಿ ಅದೇ /26, ಮಾಸ್ಕು 255.255.255.192. ತೀರ್ಥಹಳ್ಳಿ, ಸಾಗರದ ಕಡೆಯ ಹುಡುಗರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿರಲಿಲ್ಲ.

ಮಲೆನಾಡಿನ ಪಾಠ ಇನ್ನೊಂದಿತ್ತು. ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆದರೆ ಮುಂಗಾರಿನ ಮೊದಲ ಗುಡುಗಿಗೇ ಎರಡೂ ತುದಿಯ ಪೋರ್ಟು ಸುಡುತ್ತವೆ. ಸಿಡಿಲು ನೇರ ಬಡಿಯಬೇಕೆಂದೇನಿಲ್ಲ, ಹತ್ತಿರ ಬಿದ್ದರೂ ಸಾಕು. ಹೊರಾಂಗಣಕ್ಕೆ ಫೈಬರ್ರೇ ಸರಿ, ಅದೂ ಒಳಗೆ ಲೋಹದ ಎಳೆ ಇಲ್ಲದ್ದು.

ಈಗಿನ ಹುಡುಗರು ಸಂದರ್ಶನಕ್ಕೆ ಬರುತ್ತಾರೆ. ಸಿಸ್ಕೋ ಕಂಪನಿಯ ಸಿಸಿಎನ್‌ಎ 200-301 ಪರೀಕ್ಷೆ ಪಾಸಾದವರು, ಪರದೆಯ ಮೇಲೇ ನೆಟ್‌ವರ್ಕ್ ಕಟ್ಟಿ ನೋಡುವ ಪ್ಯಾಕೆಟ್ ಟ್ರೇಸರಿನಲ್ಲಿ, ರೌಟರುಗಳಿಗೆ ದಾರಿ ಹುಡುಕಿಕೊಡುವ ಓಎಸ್‌ಪಿಎಫ್ ಕಟ್ಟಬಲ್ಲವರು. ಅದು ಒಳ್ಳೆಯ ಸಾಧನವೇ. ನಮಗೆ ಹತ್ತು ರೌಟರು ಎಲ್ಲಿ ಸಿಗುತ್ತಿತ್ತು? ಆದರೆ ಅಲ್ಲಿನ ಕೇಬಲ್ಲಿನ ಕೊಕ್ಕೆ ಮುರಿಯುವುದಿಲ್ಲ. "ಇಂಟರ್ನೆಟ್ ಬರ್ತಿಲ್ಲ, ಏನು ಮಾಡ್ತೀಯಪ್ಪ?" ಎಂದರೆ ನೇರ ಫೈರ್‌ವಾಲಿಗೆ ಹಾರುತ್ತಾರೆ. ಲಿಂಕಿನ ದೀಪ, ತನ್ನದೇ ಐಪಿ, ಹೊರಜಗತ್ತಿನ ಬಾಗಿಲಾದ ಗೇಟ್‌ವೇಗೆ ಪಿಂಗ್ (ಇದ್ದೀಯಾ ಎಂದು ಕೇಳುವ ಸಂದೇಶ), ಹೊರಗಿನ ಗೂಗಲ್ ವಿಳಾಸ 8.8.8.8, ಆಮೇಲೆ ಹೆಸರಿನಿಂದ ಪಿಂಗ್: ಈ ಕ್ರಮದಲ್ಲಿ ಹೇಳಿದವರನ್ನು ನಾನು ಎರಡನೆಯ ಪ್ರಶ್ನೆಯಿಲ್ಲದೆ ತೆಗೆದುಕೊಂಡದ್ದುಂಟು. ಅಂಥವರು ವಿರಳ.

ಮೇಷ್ಟ್ರ ನೆನಪಿಗೆ ನಮ್ಮ ಬ್ಯಾಚಿನಿಂದ ಲ್ಯಾಬಿಗೆ 305 ಮೀಟರಿನ ಕ್ಯಾಟ್-6 ಕೇಬಲ್ಲಿನ ಪೆಟ್ಟಿಗೆ, 500 ಕನೆಕ್ಟರು, ಆರು ಕ್ರಿಂಪಿಂಗ್ ಟೂಲು ಕಳಿಸಿದ್ದೇವೆ. ತಾಮ್ರ ಅಸಲಿ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅಲ್ಲ. ಸುರುಳಿಯ ತುದಿ ಕೆರೆದು ನೋಡಿಯೇ ಕೊಂಡಿದ್ದು. ಟೆಸ್ಟರಿನ 9 ವೋಲ್ಟಿನ ಬ್ಯಾಟರಿಯನ್ನು ರಜೆಗೆ ಮುಂಚೆ ದಯವಿಟ್ಟು ಹೊರಗೆ ತೆಗೆದಿಡಿ.