ತಿಂದೆ, ತಿಂದುಬಿಟ್ಟೆ, ಮೆ ಕೊಮೀ

ಮ್ಯಾಡ್ರಿಡ್‌ನ ಲಾವಪಿಯೆಸ್ ಕಡೆ ಒಂದು ರೂಮು ಬಾಡಿಗೆಗೆ ಹಿಡಿದಿದ್ದೆ. ಮನೆ ಒಡತಿಗೆ 70 ದಾಟಿತ್ತು. ಅಡುಗೆಮನೆ ಇಬ್ಬರಿಗೂ ಒಂದೇ. ಹಿಂದಿನ ರಾತ್ರಿ ಅವರು ತೊರ್ತಿಯಾ ಮಾಡಿ ಫ್ರಿಜ್‌ನಲ್ಲಿ ಇಟ್ಟಿದ್ದರು. ಆಲೂಗಡ್ಡೆ, ಮೊಟ್ಟೆ, ಆಲಿವ್ ಎಣ್ಣೆ ಹಾಕಿ ದಪ್ಪಗೆ ಮಾಡುವ ಆಮ್ಲೆಟ್ ಥರದ್ದು ಅದು, ಬೇಕಾದಷ್ಟು ತಿನ್ನು ಅಂತಲೂ ಹೇಳಿದ್ದರು. ಬೆಳಗ್ಗೆ ಒಂದು ತುಂಡು ತಿಂದೆ. ಅವರು ಅಂಗಡಿಯಿಂದ ಬಂದು, ಬೆಳಗ್ಗೆ ಏನು ತಿಂದೆ ಅಂತ ಕೇಳಿದರು. ತೊರ್ತಿಯಾ ತಿಂದೆ ಅನ್ನೋಕೆ ಸ್ಪ್ಯಾನಿಷ್‌ನಲ್ಲಿ "ಮೆ ಎ ಕೊಮಿದೊ ಲಾ ತೊರ್ತಿಯಾ" ಅಂದೆ.

ಒಳ್ಳೇದಾಯ್ತು ಅಂದವರೇ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯಲು ಶುರು ಮಾಡಿದರು. ಸಂಜೆಗೆ ಅವರ ಮನೆಗೆ ಯಾರೋ ಬರುವವರಿದ್ದರು. 4 ಆಲೂಗಡ್ಡೆ ಹೆಚ್ಚಿ ಆದ ಮೇಲೆ ಮೊಟ್ಟೆಗೆ ಅಂತ ಫ್ರಿಜ್ ತೆಗೆದರೆ, ಮುಕ್ಕಾಲು ಭಾಗ ತೊರ್ತಿಯಾ ತಟ್ಟೆಯಲ್ಲಿ ಹಾಗೇ ಕೂತಿದೆ! ತಟ್ಟೆ ಹೊರಗೆ ತೆಗೆದು ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದರು. ಬೈಯಲಿಲ್ಲ. "ನೀನು ಮೆ ಎ ಕೊಮಿದೊ ಅಂದೆಯಲ್ಲ" ಅಂತ ಮಾತ್ರ ಕೇಳಿದರು.

ತಪ್ಪು ಆಗಿದ್ದು ಆ ಪುಟ್ಟ "ಮೆ"ಯಲ್ಲಿ. ಎ ಕೊಮಿದೊ ತೊರ್ತಿಯಾ ಅಂದರೆ ತೊರ್ತಿಯಾ ತಿಂದಿದ್ದೇನೆ, ಅಷ್ಟೇ. ಎಷ್ಟು ಅಂತ ಇಲ್ಲ. ಮೆ ಎ ಕೊಮಿದೊ ಲಾ ತೊರ್ತಿಯಾ ಅಂದರೆ ತಟ್ಟೆ ಖಾಲಿ. ಸುತ್ತಮುತ್ತ ಎಲ್ಲರ ಬಾಯಲ್ಲೂ ಈ "ಮೆ" ಕೇಳಿ ಕೇಳಿ, ಹೀಗೇ ಹೇಳೋದು ವಾಡಿಕೆ ಇರಬೇಕು ಅಂದುಕೊಂಡಿದ್ದೆ. ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದು "ಮೆ ಲಾವೊ", ತೊಳೆದುಕೊಳ್ಳುತ್ತೇನೆ, ಆ ಥರದ ಬಳಕೆ ಮಾತ್ರ. ತಿನ್ನೋದಕ್ಕೂ ಅದು ಯಾಕೆ ಬೇಕು ಅಂತ ಕೇಳಿದ್ದಕ್ಕೆ, ಮೇಷ್ಟ್ರು ಒತ್ತು ಕೊಡೋಕೆ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಹೇಳಿ ಮುಂದಕ್ಕೆ ಹೋಗಿದ್ದರು.

ಆ ರಾತ್ರಿ ಮಲಗಿಕೊಂಡು ಯೋಚಿಸುತ್ತಿದ್ದಾಗ ಹೊಳೆಯಿತು, ಇದೇ ಮಾತನ್ನು ಅಮ್ಮನ ಹತ್ತಿರ ಕನ್ನಡದಲ್ಲಿ ಹೇಳಿದ್ದರೆ? "ಡಬ್ಬದಲ್ಲಿದ್ದ ಚಕ್ಕುಲಿ ತಿಂದೆ" ಅಂದರೆ ಅಮ್ಮ ಸುಮ್ನೆ ಇರುತ್ತಾರೆ. "ಡಬ್ಬದಲ್ಲಿದ್ದ ಚಕ್ಕುಲಿ ತಿಂದುಬಿಟ್ಟೆ" ಅಂದರೆ ಎದ್ದು ಹೋಗಿ ಡಬ್ಬ ನೋಡುತ್ತಾರೆ. ಇವತ್ತಿನದಕ್ಕೆ ಮೆ ಎ ಕೊಮಿದೊ, ನಿನ್ನೆಯದಕ್ಕೆ ಮೆ ಕೊಮೀ, ಎರಡೂ ತಿಂದುಬಿಟ್ಟೆ. ಇಂಗ್ಲಿಷಿನಲ್ಲಿ ಇದಕ್ಕೆ ಸರಿಯಾದ ಜಾಗವಿಲ್ಲ, ಅದಕ್ಕೇ ಇಂಗ್ಲಿಷಿನಲ್ಲಿ ಸ್ಪ್ಯಾನಿಷ್ ಕಲಿಸುವ ಪುಸ್ತಕಗಳು ಒತ್ತು ಅಂತ ಹೇಳಿ ಕೈ ತೊಳೆದುಕೊಳ್ಳುತ್ತವೆ. ನಮ್ಮಲ್ಲಿ ಜಾಗ ಇದೆ. ಸ್ಪ್ಯಾನಿಷ್ ಕಲಿಯುವ ಕನ್ನಡದವರು ಕನ್ನಡದಿಂದ ನೇರವಾಗಿ ಅಲ್ಲಿಗೆ ಹೋಗಬೇಕು, ಇಂಗ್ಲಿಷನ್ನು ಸುತ್ತಿ ಬಳಸಿ ಹೋಗಬಾರದು ಅಂತ ಅವತ್ತಿನಿಂದ ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಹಾಗಂತ ಎರಡೂ ಪೂರ್ತಿ ಒಂದೇ ಅಲ್ಲ. ನಮ್ಮ "ಬಿಡು" ಯಾವ ಕ್ರಿಯಾಪದದ ಜೊತೆಗಾದರೂ ಹೋಗುತ್ತದೆ. ಪತ್ರ ಬರೆದುಬಿಟ್ಟೆ, ಬಾಗಿಲು ಹಾಕಿಬಿಟ್ಟೆ, ಹೇಳಿಬಿಟ್ಟೆ. ಸ್ಪ್ಯಾನಿಷ್‌ನ "ಸೆ" (ನಾನು ಅನ್ನುವಾಗ ಅದೇ "ಮೆ" ಆಗೋದು) ಅಷ್ಟು ಸಲೀಸಾಗಿ ಬರಲ್ಲ. ಅದು ಜಾಸ್ತಿ ಕಾಣೋದು ಒಳಗೆ ತೆಗೆದುಕೊಳ್ಳುವ ಕೆಲಸಗಳಲ್ಲಿ: ತಿನ್ನೋದು, ಕುಡಿಯೋದು, ನುಂಗೋದು, ಸೇದೋದು, ಓದೋದು, ಕಲಿಯೋದು. ಮೆ ಅಪ್ರೆಂದೀ ಅಂದರೆ ಕಲಿತುಬಿಟ್ಟೆ ಅನ್ನೋದಕ್ಕಿಂತ ಕಲಿತುಕೊಂಡೆ ಅನ್ನೋದು ಹತ್ತಿರ. ನಮ್ಮ "ಕೊಳ್ಳು" ಮತ್ತು "ಬಿಡು" ಎರಡೂ ಮಾಡುವ ಕೆಲಸವನ್ನು ಅವರದು ಒಂದೇ ಅಕ್ಷರ ಮಾಡುತ್ತಿದೆ, ಅದು ನನಗೆ ತುಂಬಾ ಇಷ್ಟವಾಯಿತು. ಇನ್ನೊಂದು, "ಸೆ" ಬಂದರೆ ತಿಂದದ್ದಕ್ಕೆ ಒಂದು ಅಳತೆ ಇರಬೇಕು. ಮೆ ಕೊಮೀ ಎಲ್ ಪಾನ್, ಆ ಬ್ರೆಡ್ ತಿಂದುಬಿಟ್ಟೆ, ಸರಿ. ದೋಸ್ ಮನ್ಸಾನಾಸ್, 2 ಸೇಬು, ಅದೂ ಸರಿ. ಬರೀ "ಮೆ ಕೊಮೀ ಪಾನ್" ಅನ್ನೋ ಹಾಗಿಲ್ಲ, ಯಾಕೆಂದರೆ ಬರೀ ಬ್ರೆಡ್ಡಿಗೆ ಕೊನೆ ಎಲ್ಲಿ?

ಹೊತ್ತು ಸೇರಿಸಿ ನೋಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಪುಸ್ತಕವನ್ನು ಒಂದು ಗಂಟೆ ಹೊತ್ತು ಓದಿದೆ ಅನ್ನಬೇಕಾದರೆ ಲೆಯೀ ಎಲ್ ಲಿಬ್ರೊ, ಅಲ್ಲಿ ಮೆ ಬಂದರೆ ಕಿವಿಗೆ ತಪ್ಪು ಅನಿಸುತ್ತದೆ. ಒಂದೇ ಗಂಟೆಯಲ್ಲಿ ಓದಿಬಿಟ್ಟೆ ಅಂದರೆ ಮೆ ಲೆಯೀ. ಗಂಟೆ ಹೊತ್ತು, ಗಂಟೆಯಲ್ಲಿ: ನಮಗೂ ಅಷ್ಟೇ ವ್ಯತ್ಯಾಸ.

ಈಗ ಬರೀ ಭೂತಕಾಲಕ್ಕೆ ಬರೋಣ, ಕಲಿಯುವವರು ಹೆಚ್ಚು ಒದ್ದಾಡೋದು ಅಲ್ಲೇ. ಕೊಮೀ, ಕೊಮೀಯಾ. ಎರಡೂ ಹಿಂದೆ ಆಗಿದ್ದೇ. ಆಂತೋನಿಯೊ ದೆ ನೆಬ್ರಿಹಾ ಅನ್ನುವವರು 1492ರಲ್ಲಿ ಸಲಮಂಕಾದಲ್ಲಿ ಆ ಭಾಷೆಗೆ ವ್ಯಾಕರಣ ಬರೆದು ಅಚ್ಚು ಹಾಕಿಸಿದಾಗ ಇವಕ್ಕೆ ಕೊಟ್ಟ ಹೆಸರುಗಳು ಎಷ್ಟು ಸರಳ ನೋಡಿ: ಪಸಾದೊ ಅಕಬಾದೊ, ಮುಗಿದ ಭೂತ; ಪಸಾದೊ ನೊ ಅಕಬಾದೊ, ಮುಗಿಯದ ಭೂತ. ತಿಂದಿದ್ದೆ ಅನ್ನೋದಕ್ಕೆ ಮುಗಿದದ್ದಕ್ಕಿಂತ ಜಾಸ್ತಿ ಮುಗಿದದ್ದು ಅಂತ! ಆಮೇಲಿನ ವ್ಯಾಕರಣಗಳ ಉದ್ದುದ್ದ ಹೆಸರುಗಳಿಗಿಂತ ನನಗೆ ಇವೇ ಹಿಡಿಸುತ್ತವೆ.

ಕೊಮೀ ತಿಂದೆ, ಕೊಮೀಯಾ ತಿನ್ನುತ್ತಿದ್ದೆ. ಇಷ್ಟು ಎಲ್ಲರಿಗೂ ಅರ್ಥವಾಗುತ್ತದೆ. ತೊಡಕಾಗೋದು ಮನಸ್ಸಿನ ಸ್ಥಿತಿ ಹೇಳುವ ಪದಗಳಲ್ಲಿ. ಸಬೇರ್ ಅಂದರೆ ಗೊತ್ತಿರೋದು. ಅದರ ಮುಗಿಯದ ರೂಪ ಸಬೀಯಾ, ಮುಗಿದ ರೂಪ ಸುಪೆ. ಗೊತ್ತಿರೋದು ಮುಗಿಯೋದು ಅಂದರೆ ಏನು? ಮರೆತುಹೋಗೋದಾ? ಅಲ್ಲ. ಇಂಗ್ಲಿಷಿನಲ್ಲಿ ಬರೆದ ಪುಸ್ತಕಗಳು ಇಲ್ಲಿ ಅರ್ಥ ಬದಲಾಗುತ್ತದೆ, ಈ ಪಟ್ಟಿ ಬಾಯಿಪಾಠ ಮಾಡಿ ಅನ್ನುತ್ತವೆ. ಕನ್ನಡದವರಿಗೆ ಬಾಯಿಪಾಠ ಬೇಡ. ಸಬೀಯಾ, ಗೊತ್ತಿತ್ತು. ಸುಪೆ, ಗೊತ್ತಾಯ್ತು. ಕೊನೊಥೀಯಾ, ಪರಿಚಯ ಇತ್ತು. ಕೊನೊಥೀ, ಪರಿಚಯ ಆಯ್ತು. ಪೊದೀಯಾ, ನನ್ನ ಕೈಲಿ ಆಗ್ತಿತ್ತು. ಪುದೆ, ಕಡೆಗೂ ಆಯ್ತು. ಇರೋದು ಒಂದು, ಆಗೋದು ಇನ್ನೊಂದು. ದಿನಕ್ಕೆ ನೂರು ಸಲ ನಾವು ಇವೆರಡನ್ನೂ ಬೇರೆ ಬೇರೆ ಇಟ್ಟುಕೊಂಡೇ ಮಾತಾಡುತ್ತೇವೆ, ಯಾರೂ ಹೇಳಿಕೊಟ್ಟಿದ್ದಲ್ಲ. ಬೇಡ ಅನ್ನೋದೂ ಹಾಗೇ. ನೊ ಕೆರೀಯಾ ಅಂದರೆ ಮನಸ್ಸಿರಲಿಲ್ಲ, ಆದರೂ ಹೋಗಿರಬಹುದು. ನೊ ಕೀಸೆ ಅಂದರೆ ಒಲ್ಲೆ ಅಂದೆ, ಹೋಗಲಿಲ್ಲ.

ಸ್ಪೇನ್ ಮತ್ತು ಲ್ಯಾಟಿನ್ ಅಮೆರಿಕದ ವ್ಯತ್ಯಾಸದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇವತ್ತು ಆಗಿದ್ದಕ್ಕೆ ಮ್ಯಾಡ್ರಿಡ್‌ನಲ್ಲಿ ಎ ಕೊಮಿದೊ ಅನ್ನುತ್ತಾರೆ, ನಿನ್ನೆಯದಕ್ಕೆ ಕೊಮೀ. ಮೆಕ್ಸಿಕೊದಲ್ಲಿ ಬೆಳಗ್ಗೆ ತಿಂದಿದ್ದಕ್ಕೂ ಕೊಮೀ ಅಂತಲೇ. ಅಲ್ಲಿ "ಯಾ ಕೊಮಿಸ್ತೆ?" ಅಂತ ಕೇಳೋದು ನಮ್ಮ "ಊಟ ಆಯ್ತಾ?" ಥರವೇ ಇದೆ. ಯಾವುದನ್ನು ಹೇಳಿದರೂ ಎರಡೂ ಕಡೆ ಅರ್ಥವಾಗುತ್ತದೆ.

ಅಕಬಾರ್ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಕಾಬೊ ಅಂದರೆ ತುದಿ, ಅಕಬಾರ್ ಅಂದರೆ ತುದಿ ಮುಟ್ಟಿಸೋದು, ಮುಗಿಸೋದು. ಅದನ್ನು ವರ್ತಮಾನದಲ್ಲಿಟ್ಟು "ಅಕಾಬೊ ದೆ ಯೆಗಾರ್" ಅಂದರೆ ಈಗ ತಾನೆ ಬಂದೆ. ಅದೇ ಅಕಬಾರನ್ನು ಭೂತಕ್ಕೆ ತಿರುಗಿಸಿ "ಅಕಬೆ ದೆ ಲೆಯೇರ್" ಅಂದರೆ ಓದಿ ಮುಗಿಸಿದೆ. ಈಗ ತಾನೆ ಅನ್ನೋದು ಅಲ್ಲಿ ಇಲ್ಲವೇ ಇಲ್ಲ. ಅದರ ಪಕ್ಕದಲ್ಲಿ ದೆಹಾರ್ ಇದೆ, ಅರ್ಥ ಬಿಡೋದು ಅಂತಲೇ. ದೆಹೆ ದೆ ಫುಮಾರ್, ಸಿಗರೇಟು ಸೇದೋದು ಬಿಟ್ಟೆ. ಸೇದೋದು ಬಿಟ್ಟೆ ಅಂದರೆ ಇನ್ನು ಮುಟ್ಟಲ್ಲ, ಸೇದಿಬಿಟ್ಟೆ ಅಂದರೆ ಪೂರ್ತಿ ಸೇದಿ ಮುಗಿಸಿದೆ. ಒಂದೇ ಬಿಡು, ನಡುವೆ ಎಷ್ಟು ದೂರ ಅಲ್ವಾ! ಎರಡನೆಯದಕ್ಕೆ ಸ್ಪ್ಯಾನಿಷ್‌ನಲ್ಲಿ ಮತ್ತೆ ಅದೇ "ಮೆ" ಬೇಕು, ಮೆ ಫುಮೆ. ಇನ್ನು ಮಾಡಿ ಇಟ್ಟದ್ದು. ದೆಹೆ ಲಾ ಕೊಮೀದಾ ಎಚಾ, ಅಡುಗೆ ಮಾಡಿಟ್ಟೆ. ತೆಂಗೊ ಎಸ್ಕ್ರೀತಾಸ್ ತ್ರೆಸ್ ಕಾರ್ತಾಸ್, 3 ಪತ್ರ ಬರೆದಿಟ್ಟಿದ್ದೇನೆ. ಯೆವೊ ಲೆಯೀದಾಸ್ ಸಿಯೆನ್ ಪಾಹಿನಾಸ್, ಇಲ್ಲಿಗೆ 100 ಪುಟ ಓದಾಗಿದೆ, ಇನ್ನೂ ಇದೆ.

ತಾವಾಗಿಯೇ ಆಗುವ ಕೆಲಸಗಳಲ್ಲಿ "ಸೆ" ನಮ್ಮ "ಹೋಗು"ವಿನ ಹತ್ತಿರ ಬರುತ್ತದೆ. ಸೆ ಮುರಿಯೊ, ಸತ್ತುಹೋದ. ಸೆ ರೊಂಪಿಯೊ, ಒಡೆದುಹೋಯ್ತು. ಕೈಯಿಂದ ಲೋಟ ಜಾರಿದಾಗ ಅವರು "ಲೋಟ ಬೀಳಿಸಿದೆ" ಅನ್ನಲ್ಲ, "ಸೆ ಮೆ ಕಾಯೊ" ಅನ್ನುತ್ತಾರೆ, ನನ್ನ ಕೈಯಿಂದ ಬಿದ್ದುಹೋಯ್ತು ಅಂತ. ತಪ್ಪು ಲೋಟದ್ದೂ ಅಲ್ಲ, ನನ್ನದೂ ಅಲ್ಲ.

ಆ ಮನೆಯಲ್ಲಿ ಇದ್ದಾಗಲೇ ಒಂದು ಭಾನುವಾರ, ಈಕ್ವೆಡಾರ್‌ನ ಕೀಟೊ ಊರಿನ ಗೆಳತಿಯೊಬ್ಬಳನ್ನು ಊಟಕ್ಕೆ ಕರೆದಿದ್ದೆ. ಒಡತಿ ಬಾಗಿಲು ತೆಗೆದು, ಬಾ, ಊಟಕ್ಕೆ ಕೂತುಕೋ ಅಂದರು. ಅವಳು ಸಂಕೋಚದಿಂದ "ವೆಂಗೊ ಕೊಮಿಯೆಂದೊ" ಅಂದಳು. ಮ್ಯಾಡ್ರಿಡ್‌ನ ಕಿವಿಗೆ ಅದು ತಿನ್ನುತ್ತಾ ಬರುತ್ತಿದ್ದೇನೆ ಅಂತ. ಒಡತಿ ಅವಳ ಕೈ ನೋಡಿದರು, ಏನೂ ಇಲ್ಲ, ಬಾಯಿ ನೋಡಿದರು, ಅಗಿಯುತ್ತಿಲ್ಲ. ಆಂಡೀಸ್ ಬೆಟ್ಟದ ಸೀಮೆಯಲ್ಲಿ ಕಿಚ್ವಾ ಭಾಷೆಯವರು ನೂರಾರು ವರ್ಷ ಸ್ಪ್ಯಾನಿಷ್ ಜೊತೆ ಬಾಳಿದ್ದಾರೆ. ಅವರ ಭಾಷೆಯಲ್ಲಿ "ಮಿಕುಶ್ಪಾ ಶಮುನಿ" ಅಂದರೆ ಮೊದಲು ತಿನ್ನೋದು, ಆಮೇಲೆ ಬರೋದು. ಆ ನಡೆಯೇ ಅಲ್ಲಿನ ಸ್ಪ್ಯಾನಿಷ್ ಒಳಗೆ ಇಳಿದಿದೆ. ಇದೆಲ್ಲ ನಾನು ತಿಳಿದುಕೊಂಡದ್ದು ಎಷ್ಟೋ ದಿನದ ಮೇಲೆ. ಆದರೆ ಆ ಹೊತ್ತಿಗೆ ನನಗೆ ಅವಳು ಹೇಳಿದ್ದು ಅಪ್ಪಟ ಕನ್ನಡದ ಹಾಗೇ ಕೇಳಿಸಿತು: ಊಟ ಮಾಡಿಕೊಂಡು ಬಂದೆ. ಮೇಜಿನ ಮೇಲಿದ್ದ 3 ತಟ್ಟೆಗಳಲ್ಲಿ ಒಂದನ್ನು ತೆಗೆದಿಟ್ಟು, ಅವಳಿಗೆ ಕಾಫಿಗೆ ನೀರಿಟ್ಟೆ.